ಕಚ-ದೇವಯಾನಿಯರ ಉಪಾಖ್ಯಾನ ಮತ್ತು ದೇವಾಸುರ ಸಂಬಂಧ

ಮಹಾಭಾರತದ ಆದಿಪರ್ವದಲ್ಲಿ ಬರುವ ಕಚ-ದೇವಯಾನಿಯರ ಉಪಾಖ್ಯಾನವು ಸುಪ್ರಸಿದ್ಧವಾದುದು. ದೇವಪಕ್ಷದ ತರುಣನೊಬ್ಬನನ್ನು ಅಸುರಗುರುವಿನ ಮಗಳು ಪ್ರೀತಿಸಿದಳು. ಆ ಪ್ರಣಯವು ವಿವಾಹದಲ್ಲಿ ಪರ್ಯವಸಾನವಾಗದೆ ಶಾಪ ಪ್ರತಿಶಾಪಗಳಲ್ಲಿ ಮುಗಿಯಿತು. ದೇವಾಸುರರು ಹುಟ್ಟಿನಿಂದಲೇ ವೈರಿಗಳಾದ ಎರಡು ಕುಲಗಳಾದುದರಿಂದ ಈ ಸಂಬಂಧವು ನಿಷಿದ್ಧವಾಯಿತೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ, ಪ್ರಾಚೀನ ಭಾರತದ ಎರಡು ಜನಾಂಗಗಳ ಕಲಹವೇ ದೇವಾಸುರರ ಕಥೆಗಳ ರೂಪವನ್ನು ತಾಳಿದೆಯೆಂದು ಊಹಿಸಿದ್ದಾರೆ. ಈ ಅಭಿಪ್ರಾಯವು ಗ್ರಂಥಾಧಾರಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು 'ಅಸುರ' ಶಬ್ದದ ಇತಿಹಾಸವನ್ನು ನೋಡಬೇಕು. ಋಗ್ವೇದದಲ್ಲಿ ಇದು ನಿಂದಾವಾಚಕವಾಗಿರಲಿಲ್ಲ. ವರುಣ, ಅಗ್ನಿ, ಸವಿತೃ, ಇಂದ್ರ ಮೊದಲಾದವರಿಗೆ ಗೌರವಸೂಚಕವಾಗಿ ಪ್ರಯುಕ್ತವಾಗಿದೆ. ಇರಾನೀಯರ ಅವೆಸ್ತಾದಲ್ಲಿ ಇದಕ್ಕೆ ಸಮಾನವಾದ 'ಅಹುರ' ಶಬ್ದವು ಪರಮದೇವತೆಯ ನಾಮದಲ್ಲಿಯೇ ಸೇರಿದೆ. ಅಲ್ಲಿ ದುಷ್ಟಶಕ್ತಿಗಳಾದವರು 'ದಏವ'ರು. ದೇವಶತ್ರುವೆಂಬ ಅರ್ಥವು ನಮ್ಮಲ್ಲಿ ಕ್ರಮೇಣ ರೂಢವಾಯಿತು. ಹಾಗಾದ ಮೇಲೆಯೂ ಬೃಹದಾರಣ್ಯಕೋಪನಿಷತ್ತು ಇವರಿಬ್ಬರನ್ನೂ ಪ್ರಜಾಪತಿಯ ಸಂತಾನವೆಂದೇ ಹೇಳುತ್ತದೆ. ಅದರಂತೆ ಅಸುರರೇ ಹಿರಿಯರು. ಅಸುರಗುರುವಾದ ಉಶನಸ್ ಕಾವ್ಯನು, ಎಂದರೆ ಶುಕ್ರನು, ಋಗ್ವೇದದಲ್ಲಿ ಇಂದ್ರನಿಗೆ ವಜ್ರಾಯುಧವನ್ನು ಒದಗಿಸಿದ ಮಿತ್ರನಾಗಿದ್ದಾನೆ. ಪಂಚವಿಂಶ ಬ್ರಾಹ್ಮಣದ ಹೊತ್ತಿಗೆ ಅವನು ಅಸುರರ ಪುರೋಹಿತ. ಬದಲಾದದ್ದು ಪಕ್ಷವೇ ಹೊರತು ಜನ್ಮವಲ್ಲ.

ವಿವಾಹಸಂಬಂಧಗಳ ವಿಷಯವೂ ಇದೇ ಬಗೆಯದು. ಆದಿಪರ್ವದ ವಂಶಾವಳಿಯಲ್ಲಿ ಪುಲೋಮ, ವೃಷಪರ್ವರಿಬ್ಬರೂ ದನುವಿನ ಮಕ್ಕಳು. ಆ ಪುಲೋಮನ ಮಗಳಾದ ಶಚಿಯೇ ದೇವರಾಜನ ಪಟ್ಟಮಹಿಷಿ; 'ಪೌಲೋಮಿ' ಎಂಬ ಅವಳ ಹೆಸರು ಇದನ್ನು ಮರೆಮಾಚುವುದಿಲ್ಲ. ಇಂದ್ರನ ಮಗಳು ಜಯಂತಿಯು ಶುಕ್ರನೊಡನೆ ಹತ್ತು ವರ್ಷ ಬಾಳಿದಳೆಂದೂ ದೇವಯಾನಿಯು ಅವಳಲ್ಲಿ ಜನಿಸಿದಳೆಂದೂ ಮತ್ಸ್ಯಪುರಾಣವು ತಿಳಿಸುತ್ತದೆ. ಭಾಗವತವು ಪ್ರಿಯವ್ರತನ ಮಗಳಾದ ಊರ್ಜಸ್ವತಿಯನ್ನು ಅವಳ ತಾಯಿಯೆಂದು ಹೇಳುವುದುಂಟು. ಮತ್ಸ್ಯಪುರಾಣದ ಪಾಠವನ್ನು ಹಿಡಿದರೆ ದೇವಯಾನಿಯು ಇಂದ್ರನ ಮೊಮ್ಮಗಳೇ ಆಗುತ್ತಾಳೆ.

ಇಷ್ಟೇ ಅಲ್ಲ. ಕಚನು ಬೃಹಸ್ಪತಿಯ ಮಗ, ಅಂಗಿರಸನ ಮೊಮ್ಮಗ, ದೇವಯಾನಿಯು ಭೃಗುವಂಶದವಳು. ಇಬ್ಬರೂ ಋಷಿಕುಲದವರು. ದೇವತ್ವವಾಗಲಿ ಅಸುರತ್ವವಾಗಲಿ ಅವರಿಗೆ ತಂದೆಯರ ಪೌರೋಹಿತ್ಯದಿಂದ ಬಂದುದು. ಹಾಗಾದರೆ ಅವರ ಪ್ರಣಯಕ್ಕೆ ತಡೆಯಾದುದು ಯಾವುದು?

ಉತ್ತರವು ಕಥೆಯ ಆರಂಭದಲ್ಲಿಯೇ ಇದೆ. ಶುಕ್ರನು ಸಂಜೀವಿನೀ ವಿದ್ಯೆಯಿಂದ ಸತ್ತ ಅಸುರರನ್ನು ಬದುಕಿಸುತ್ತಿದ್ದನು. ಬೃಹಸ್ಪತಿಗೆ ಆ ವಿದ್ಯೆ ತಿಳಿದಿರಲಿಲ್ಲ. ಅದನ್ನು ತರುವುದಕ್ಕೆ ಕಚನನ್ನು ನಿಯೋಜಿಸುವಾಗ, ಶುಕ್ರನ ಪ್ರಿಯಪುತ್ರಿಯಾದ ದೇವಯಾನಿಯನ್ನೂ ಒಲಿಸಿಕೊಳ್ಳಬೇಕೆಂದು ದೇವತೆಗಳೇ ಉಪದೇಶಿಸಿದರು. ಕಚನು ಸಾವಿರ ವರ್ಷದ ಬ್ರಹ್ಮಚರ್ಯವನ್ನು ಕೈಕೊಂಡು, ಹಾಡಿ, ಕುಣಿದು, ಹೂಹಣ್ಣುಗಳನ್ನು ತಂದುಕೊಟ್ಟು ಅವಳನ್ನು ಸಂತೋಷಪಡಿಸಿದನು. ಐನೂರು ವರ್ಷಗಳ ಮೇಲೆ ದಾನವರು ಅವನನ್ನು ಗುರುತಿಸಿ ಕೊಂದರು. ಬೃಹಸ್ಪತಿಯ ಮೇಲಿನ ದ್ವೇಷ, ವಿದ್ಯೆಯ ರಕ್ಷಣೆ, ಈ ಎರಡು ಕಾರಣಗಳನ್ನು ಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ಕೊನೆಗೆ ಅವನನ್ನು ಸುಟ್ಟು, ಬೂದಿಯನ್ನು ಸುರೆಯಲ್ಲಿ ಕಲಸಿ ಶುಕ್ರನಿಗೇ ಕುಡಿಸಿದರು. ತಂದೆ, ಕಚ ಇಬ್ಬರಲ್ಲಿ ಯಾರಳಿದರೂ ತಾನು ಬದುಕಲಾರೆನೆಂದು ದೇವಯಾನಿಯು ಹಟಹಿಡಿದುದರಿಂದಲೇ ಶುಕ್ರನು ಹೊಟ್ಟೆಯೊಳಗಿದ್ದ ಶಿಷ್ಯನಿಗೆ ವಿದ್ಯೆಯನ್ನು ಉಪದೇಶಿಸಬೇಕಾಯಿತು. ಶಿಷ್ಯನು ಹೊರಬಂದು ಗುರುವನ್ನು ಬದುಕಿಸಿದನು.

ವ್ರತ ಮುಗಿದಾಗ ದೇವಯಾನಿಯು ಪಾಣಿಗ್ರಹಣವನ್ನು ಬೇಡಿದಳು. ಆಗ ಕಚನು ಕೊಟ್ಟ ಕಾರಣಗಳು ಗಮನಾರ್ಹವಾದುವು. ನೀನು ಅಸುರಪಕ್ಷದವಳೆಂದು ಅವನು ಹೇಳಲಿಲ್ಲ. ಗುರುಪುತ್ರಿಯು ಪೂಜ್ಯಳು, ಅವಳು ವಾಸಿಸಿದ ಗುರುವಿನ ಉದರದಲ್ಲಿಯೇ ತಾನೂ ವಾಸಿಸಿದುದರಿಂದ ಅವಳು ಧರ್ಮತಃ ತಂಗಿ. ಎಂದರೆ ವಿದ್ಯೆಯನ್ನು ಕೊಟ್ಟ ಘಟನೆಯೇ ವಿವಾಹವನ್ನು ಅಸಾಧ್ಯಗೊಳಿಸಿತು. ಯಾವಳ ಪ್ರೀತಿಯಿಂದ ವಿದ್ಯೆಯು ದೊರೆಯಿತೋ ಅವಳಿಗೇ ಆ ವಿದ್ಯೆಯು ಅಡ್ಡಿಯಾಯಿತು. ಶಾಪಗಳೂ ಈ ಅರ್ಥವನ್ನೇ ದೃಢಪಡಿಸುತ್ತವೆ. ಅವಳು ಶಪಿಸಿದುದು ವಿದ್ಯೆ ಫಲಿಸದಿರಲೆಂದು. ತಾನು ಕಲಿಸಿದವರಲ್ಲಿ ಅದು ಫಲಿಸುವುದೆಂದು ಹೇಳಿ ಕಚನು ಆ ಶಾಪದಿಂದ ಪಾರಾದನು. ಋಷಿಪುತ್ರನಾರೂ ಕೈಹಿಡಿಯಬಾರದೆಂಬ ಅವನ ಪ್ರತಿಶಾಪದಿಂದ ಪಾರಾಗುವ ದಾರಿ ದೇವಯಾನಿಗಿರಲಿಲ್ಲ. ಈ ಅಸಮಾನತೆಯು ಆಧುನಿಕರಿಗೂ ತೋರಿದೆ. 19ನೆಯ ಶತಮಾನದ ಕೊನೆಯ ದಶಕದಲ್ಲಿ ರವೀಂದ್ರನಾಥ ಠಾಕೂರರು ಇದೇ ವಸ್ತುವನ್ನು ಕುರಿತು ರಚಿಸಿದ 'ವಿದಾಯ ಅಭಿಶಾಪ'ದಲ್ಲಿ ಕಚನು ಶಾಪಕ್ಕೆ ಪ್ರತಿಯಾಗಿ ವರವನ್ನೇ ಕೊಡುತ್ತಾನೆ.

ಮುಂದಿನ ಕಥೆಯು ನಮ್ಮ ವಾದವನ್ನು ಪೂರ್ಣಗೊಳಿಸುತ್ತದೆ. ದೇವಯಾನಿಯು ಯಯಾತಿಯನ್ನು ವರಿಸಿದಳು. ಅವಳ ದಾಸಿಯಾಗಿ ಬಂದ ವೃಷಪರ್ವನ ಮಗಳು ಶರ್ಮಿಷ್ಠೆಯು ಅದೇ ಯಯಾತಿಯಿಂದ ದ್ರುಹ್ಯು, ಅನು, ಪೂರುಗಳನ್ನು ಪಡೆದಳು. ದೇವಯಾನಿಯ ಮಕ್ಕಳಾದ ಯದು, ತುರ್ವಸುಗಳೊಡನೆ ಈ ಐದೂ ಹೆಸರುಗಳು ಋಗ್ವೇದದಲ್ಲಿ ಜನಸಮುದಾಯಗಳ ಹೆಸರುಗಳಾಗಿ ಕಾಣಬರುತ್ತವೆ. ಐದು ಜನಗಳನ್ನು ಒಂದೇ ಮನೆಯ ಮಕ್ಕಳನ್ನಾಗಿಸಿದ್ದು ಇತಿಹಾಸಕಾರರ ಕಾರ್ಯ. ಪೂರುವಿನ ವಂಶದಲ್ಲಿಯೇ ಭರತನೂ ಕೌರವಪಾಂಡವರೂ ಹುಟ್ಟಿದರು. ಭಾರತವಂಶಕ್ಕೆ ದಾನವಕನ್ಯೆಯೊಬ್ಬಳನ್ನು ಮೂಲಮಾತೆಯಾಗಿ ನಿಲ್ಲಿಸುವುದಕ್ಕೆ ಹಿಂಜರಿಯದ ಗ್ರಂಥದಲ್ಲಿ ರಕ್ತಭೇದದ ಇತಿಹಾಸವನ್ನು ಹುಡುಕುವುದು ಯುಕ್ತವಲ್ಲ. ಅಲ್ಲಿ ಕಾಣುವುದು ವಿದ್ಯೆಯ ಒಡೆತನಕ್ಕಾಗಿ ಎರಡು ಪುರೋಹಿತಕುಲಗಳು ನಡೆಸಿದ ಸ್ಪರ್ಧೆ, ಮತ್ತು ಅದಕ್ಕೆ ಒಬ್ಬ ಹೆಣ್ಣು ತೆತ್ತ ಬೆಲೆ.