ಮೊಬೈಲ್ ಮೂಲಕ ಹಣ ಪಾವತಿ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಗ್ರಾಹಕರ ಒಲವು ಹಾಗೂ ಹಿಂಜರಿಕೆ

ಪೀಠಿಕೆ

ಮೊಬೈಲ್ ದೂರವಾಣಿಯಿಂದ ಒಂದು ಬ್ಯಾಂಕ್ ಖಾತೆಯ ಹಣವನ್ನು ಮತ್ತೊಂದು ಖಾತೆಗೆ ತಕ್ಷಣವೇ ವರ್ಗಾಯಿಸುವ ಯುಪಿಐ ವ್ಯವಸ್ಥೆಯನ್ನು ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಜಾರಿಗೆ ತಂದಿತು. ಅದೇ ವರ್ಷ ನವೆಂಬರ್ 8ರಂದು 500 ಮತ್ತು 1000 ರೂ. ನೋಟುಗಳು ರದ್ದಾದ ತರುವಾಯ, ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಿಡುಗಡೆಯಾಯಿತು. ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವುದನ್ನು 2020ರ ಜನವರಿ 1ರಿಂದ ಕೈಬಿಡಲಾಗಿದೆ.

ಹೊಸ ಸಾಧನವು ಉಪಯುಕ್ತವೇ, ಬಳಸಲು ಸುಲಭವೇ ಎಂಬ ಎರಡು ಅನಿಸಿಕೆಗಳ ಮೇಲೆ ಅದರ ಸ್ವೀಕಾರವು ನಿಲ್ಲುತ್ತದೆಂದು ಫ್ರೆಡ್ ಡೇವಿಸ್ 1989ರಲ್ಲಿ ಪ್ರತಿಪಾದಿಸಿದರು. ಹಣದ ವಿಷಯದಲ್ಲಿ ನಂಬಿಕೆ ಎಂಬ ಮೂರನೆಯದನ್ನು ಸೇರಿಸಲೇಬೇಕಾಗುತ್ತದೆ.

ಒಲವಿಗೆ ಕಾರಣಗಳು

ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿ ದೇವಾಲಯದ ಸುತ್ತ ಹೂವು, ಹಣ್ಣುಕಾಯಿ ಮಾರುವವರ ವ್ಯವಹಾರವು ಬಹುಪಾಲು ಸಣ್ಣ ಮೊತ್ತಗಳದು. ಇಲ್ಲಿ ಮೊದಲ ತೊಡಕು ಚಿಲ್ಲರೆಯದು. 10 ರೂ. ನಾಣ್ಯವು ಚಲಾವಣೆಯಲ್ಲಿದೆಯೆಂದು ರಿಸರ್ವ್ ಬ್ಯಾಂಕ್ ಹಲವು ಬಾರಿ ಸ್ಪಷ್ಟಪಡಿಸಿದ್ದರೂ, ವದಂತಿಗಳ ಕಾರಣ ಅದನ್ನು ನಿರಾಕರಿಸಿದವರು ನಮ್ಮ ರಾಜ್ಯದಲ್ಲಿ ಕಡಿಮೆಯೇನಲ್ಲ. ಕ್ಯೂಆರ್ ಚೀಟಿಯು ಈ ತಕರಾರನ್ನೇ ಇಲ್ಲವಾಗಿಸಿತು. ಹಣ ಬಂದುದನ್ನು ಕನ್ನಡದಲ್ಲಿ ಕೂಗಿ ತಿಳಿಸುವ ಪುಟ್ಟ ಪೆಟ್ಟಿಗೆಯು, ಓದುಬರಹ ಬಾರದ ವ್ಯಾಪಾರಿಗೂ ಧೈರ್ಯ ನೀಡಿತು. ಯಾವ ಜಾಹೀರಾತಿಗಿಂತಲೂ ಈ ಪೆಟ್ಟಿಗೆಯೇ ಹೆಚ್ಚು ಕೆಲಸ ಮಾಡಿದೆ ಎಂದರೆ ತಪ್ಪಾಗಲಾರದು. ಅದಕ್ಕೆ ಮಾಸಿಕ ಬಾಡಿಗೆ ಇದೆಯೇ ಎಂಬುದನ್ನು ಪಡೆಯುವ ಮುನ್ನವೇ ವಿಚಾರಿಸತಕ್ಕದ್ದು.

ನಂಜನಗೂಡು ಕೈಗಾರಿಕಾ ಪ್ರದೇಶದ ನೌಕರರಿಗೆ ಸಂಬಳವು ಖಾತೆಗೇ ಜಮೆಯಾಗುವುದರಿಂದ, ಅದನ್ನು ನಗದಾಗಿಸಿಕೊಂಡು ಮತ್ತೆ ಖರ್ಚು ಮಾಡುವ ಅಗತ್ಯ ಬೀಳುವುದಿಲ್ಲ.

ಹಿಂಜರಿಕೆಗೆ ಕಾರಣಗಳು

ಕೂಲಿಯು ನಗದಾಗಿ ಬರುವ ಮನೆಗಳ ಸ್ಥಿತಿ ಬೇರೆ. ಕೂಲಿಯ ಹಣವನ್ನು ಬ್ಯಾಂಕಿಗೆ ಕಟ್ಟಿ, ಅಲ್ಲಿಂದ ಮೊಬೈಲ್ ಮೂಲಕ ಅಂಗಡಿಗೆ ಕೊಡುವುದು ಸುತ್ತುದಾರಿ. ಮೇಲಾಗಿ, ಕಾವೇರಿ ಮತ್ತು ಕಪಿಲಾ ಬಯಲಿನ ಹಳ್ಳಿಗಳಲ್ಲಿ ಭತ್ತ ಕಟಾವಾಗುವವರೆಗೆ ದಿನಸಿಯನ್ನು ಉದ್ರಿ ಬರೆಸಿ ತರುವವರಿದ್ದಾರೆ. ಅಂಗಡಿಯವನು ಕೊಡುವ ಕಾಲಾವಕಾಶವನ್ನು ಯಾವ ಆ್ಯಪೂ ಕೊಡುವುದಿಲ್ಲ. ಇದನ್ನು ಅಜ್ಞಾನವೆಂದು ಕರೆಯುವುದು ನ್ಯಾಯವಲ್ಲ.

ಇನ್ನೊಂದು ಕಾರಣವು ಗಂಭೀರವಾದುದು. ಗೃಹಲಕ್ಷ್ಮಿ ಯೋಜನೆಯು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿಯೇ ಉದ್ಘಾಟನೆಗೊಂಡು, ಮನೆಯ ಯಜಮಾನಿಯ ಹೆಸರಿಗೆ ಮಾಸಿಕ 2000 ರೂ. ನೀಡುವ ವ್ಯವಸ್ಥೆ ಬಂದಿತು. ಆದರೆ ಖಾತೆಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಮಗನದೋ ಗಂಡನದೋ ಆಗಿದ್ದಲ್ಲಿ, ಖಾತೆ ಆಕೆಯದಾದರೂ ಪಿನ್ ಬೇರೆಯವರ ಕೈಯಲ್ಲಿರುತ್ತದೆ. ಅಂತಹ ಮಹಿಳೆಯು ಪಾಸ್‌ಬುಕ್ ಹಿಡಿದು ಬ್ಯಾಂಕಿಗೇ ಹೋಗಲು ಬಯಸಿದರೆ ಅದು ಆಕೆಯ ಎಚ್ಚರಿಕೆಯೇ ಹೊರತು ಹಟವಲ್ಲ. ಶಾಖೆಗೆ ಅರ್ಜಿ ನೀಡಿ ಸ್ವಂತ ಸಂಖ್ಯೆಯನ್ನು ನೋಂದಾಯಿಸಿಕೊಳ್ಳುವುದು ಇದಕ್ಕೆ ಪರಿಹಾರ. ಸ್ಮಾರ್ಟ್ ಫೋನ್ ಇಲ್ಲದವರು *99# ಸೇವೆಯನ್ನು ಅಥವಾ 2022ರ ಮಾರ್ಚ್‌ನಲ್ಲಿ ಆರಂಭವಾದ ಯುಪಿಐ 123ಪೇ ಸೇವೆಯನ್ನು ಬಳಸಬಹುದು.

ವ್ಯಾಪಾರಿಗಳ ಆತಂಕವು ತೆರಿಗೆಯದು. ಯುಪಿಐ ಜಮೆಗಳ ಆಧಾರದ ಮೇಲೆ 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟೀಸುಗಳು ತಲುಪಿದಾಗ, ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಫಲಕಗಳು ಕಾಣಿಸಿಕೊಂಡವು. ಹಾಲು, ತರಕಾರಿಯಂತಹ ವಿನಾಯಿತಿ ಸರಕುಗಳ ವ್ಯಾಪಾರಿಗಳಿಂದ ತೆರಿಗೆ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಜುಲೈ 23ರ ಸಭೆಯ ನಂತರ ತಿಳಿಸಿದರು. ನೋಂದಣಿಯ ಹೊಣೆ ಬರುವುದು ಪಾವತಿಯ ವಿಧಾನದಿಂದಲ್ಲ. ಸರಕುಗಳಿಗೆ 40 ಲಕ್ಷ ರೂ., ಸೇವೆಗಳಿಗೆ 20 ಲಕ್ಷ ರೂ. ಮೀರಿದ ವಾರ್ಷಿಕ ವಹಿವಾಟಿನಿಂದ. ನಗದಿನ ವಹಿವಾಟೂ ಈ ಲೆಕ್ಕಕ್ಕೆ ಸೇರುತ್ತದೆ.

ಪಾವತಿ ವಿಫಲವಾದಲ್ಲಿ

ತಿರುಮಕೂಡಲಿನಲ್ಲಿ 2025ರ ಫೆಬ್ರವರಿ 10ರಿಂದ 12ರವರೆಗೆ ನಡೆದ ಕುಂಭಮೇಳದಂತಹ ಜನಸಂದಣಿಯಲ್ಲಿ ಮೊಬೈಲ್ ಜಾಲದ ಮೇಲೆ ಒತ್ತಡ ಬೀಳುವುದು ಸಹಜ. ಆದುದರಿಂದ ಬಸ್ಸಿನ ಖರ್ಚಿಗಾಗುವಷ್ಟು ನಗದನ್ನು ಇಟ್ಟುಕೊಂಡಿರುವುದು ಲೇಸು. ಖಾತೆಯಿಂದ ಹಣ ಕಡಿತವಾಗಿಯೂ ತಲುಪದಿದ್ದಲ್ಲಿ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವ್ಯಕ್ತಿಗಳ ನಡುವಿನ ವರ್ಗಾವಣೆಯಾದರೆ ಮರುದಿನದೊಳಗೆ, ಅಂಗಡಿ ಪಾವತಿಯಾದರೆ 5 ದಿನಗಳೊಳಗೆ ಹಣ ಹಿಂದಿರುಗಬೇಕು. ತಡವಾದರೆ ದಿನವೊಂದಕ್ಕೆ 100 ರೂ. ಪರಿಹಾರ ಸಲ್ಲುತ್ತದೆ. ಈ ಹಕ್ಕಿನ ಅರಿವಿದ್ದಿದ್ದರೆ, ಒಮ್ಮೆ ಹಣ ಸಿಲುಕಿದ ಕಾರಣಕ್ಕೆ ಆ್ಯಪನ್ನೇ ತೆಗೆದುಹಾಕಿದ ಹಲವರು ಅದನ್ನು ಉಳಿಸಿಕೊಳ್ಳುತ್ತಿದ್ದರು.

ಗ್ರಾಹಕರ ಗಮನಕ್ಕೆ

ಹಣ ಪಡೆಯಲು ಪಿನ್ ನಮೂದಿಸುವ ಅವಶ್ಯಕತೆ ಎಂದಿಗೂ ಇರುವುದಿಲ್ಲ. ಹಾಗೆ ಕೇಳಿದವರು ವಂಚಕರೆಂದೇ ತಿಳಿಯತಕ್ಕದ್ದು. ಹಣ ಕೋರುವ ಸಂದೇಶಗಳ ದುರುಪಯೋಗ ಹೆಚ್ಚಿದುದರಿಂದ, ವ್ಯಕ್ತಿಗಳ ನಡುವಿನ ಅಂತಹ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ವಂಚನೆಗೆ ಒಳಗಾದವರು ವಿಳಂಬವಿಲ್ಲದೆ 1930 ಸಂಖ್ಯೆಗೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು. ಬ್ಯಾಂಕಿಗೆ ನೀಡಿದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು, ಮಾಹಿತಿಗಾಗಿ 14448.