ನೂರಕ್ಕೆ 97 ರೂಪಾಯಿ 75 ಪೈಸೆ: ಇಂದಿರಾ ಕಾಲದ ತೆರಿಗೆ ಕಥೆ

ನೂರು ರೂಪಾಯಿ ದುಡಿದ್ರೆ ಸರ್ಕಾರಕ್ಕೆ 97 ರೂಪಾಯಿ 75 ಪೈಸೆ, ನಿಮಗೆ ಉಳಿಯೋದು ಎರಡೂಕಾಲು ರೂಪಾಯಿ. ತಮಾಷೆ ಅಲ್ಲ, ನಮ್ಮ ದೇಶದಲ್ಲೇ ಇಂಥ ತೆರಿಗೆ ಇತ್ತು.

1969ರ ಜುಲೈ. ಪ್ರಧಾನಿ ಇಂದಿರಾ ಗಾಂಧಿ ಅವರು ಮೊರಾರ್ಜಿ ದೇಸಾಯಿ ಕೈಯಿಂದ ಹಣಕಾಸು ಖಾತೆ ತೆಗೆದುಕೊಂಡರು. ಮೂರೇ ದಿನಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ. 1970ರ ಬಜೆಟ್ ಅವರೇ ಮಂಡಿಸಿದ್ರು. ವರ್ಷಕ್ಕೆ 2 ಲಕ್ಷ ದಾಟಿದ ಆದಾಯಕ್ಕೆ ಸರ್‌ಚಾರ್ಜ್ ಸೇರಿ ಶೇ 93.5 ತೆರಿಗೆ! ಗಮನಿಸಿ, ಇಡೀ ಆದಾಯಕ್ಕಲ್ಲ, 2 ಲಕ್ಷದ ಮೇಲಿನ ಭಾಗಕ್ಕೆ ಮಾತ್ರ. 1971ರಲ್ಲಿ 'ಗರೀಬಿ ಹಟಾವೋ' ಅಂತ ಚುನಾವಣೆ ಗೆದ್ದರು. ಸರ್‌ಚಾರ್ಜ್ ಏರಿತು, ದರ ಶೇ 97.75 ಮುಟ್ಟಿತು.

ಆದ್ರೆ ದರ ಇಷ್ಟಾದಾಗ ಲೆಕ್ಕ ತೋರಿಸೋರು ಯಾರು? ಸರ್ಕಾರವೇ ನೇಮಿಸಿದ್ದ ವಾಂಛೂ ಸಮಿತಿ ಅದನ್ನೇ ಹೇಳಿತು: ಕಪ್ಪುಹಣಕ್ಕೆ ವಿಪರೀತ ದರಗಳೂ ಕಾರಣ, ಇಳಿಸಿ.

ಇಳಿಸಿದ್ರು. 1974ರಲ್ಲಿ ಶೇ 77, 1976ರಲ್ಲಿ ಶೇ 66. ಪ್ರಧಾನಿ ಅವರೇ, ಪಕ್ಷವೂ ಅದೇ. 1975ರ ತುರ್ತು ಪರಿಸ್ಥಿತಿಯಲ್ಲಿ ಬಂದ 20 ಅಂಶಗಳ ಕಾರ್ಯಕ್ರಮದಲ್ಲಿ ಮಧ್ಯಮ ವರ್ಗಕ್ಕೂ ಪಾಲು ಸಿಕ್ಕಿತು: ತೆರಿಗೆ ವಿನಾಯಿತಿ ಮಿತಿ 6,000ದಿಂದ 8,000 ರೂಪಾಯಿಗೆ ಏರಿತು.

ಇದು ಸಿದ್ಧಾಂತ ಬಿಟ್ಟಿದ್ದಾ, ಅನುಭವದಿಂದ ಕಲಿತಿದ್ದಾ? ವಾದ ಇನ್ನೂ ಮುಗಿದಿಲ್ಲ. ಒಂದಂತೂ ನಿಜ: ಕಾಗದದ ಮೇಲಿನ ದರ ಬೇರೆ, ಬೊಕ್ಕಸಕ್ಕೆ ಬರೋ ದುಡ್ಡು ಬೇರೆ. ಹಾಗಾಗಿ 'ಶ್ರೀಮಂತರ ಮೇಲೆ ತೆರಿಗೆ ಹಾಕ್ತೀವಿ' ಅಂತ ಯಾರಾದ್ರೂ ಭಾಷಣ ಮಾಡಿದ್ರೆ ಚಪ್ಪಾಳೆಗೆ ಮೊದಲು ಕೇಳಿ: ವಸೂಲಿ ಹೇಗೆ?