ಕ್ಲೇಮು ಮಾಡದವರ ರಿಯಾಯಿತಿ: ಭಾರತದ ಕಾರು ವಿಮೆಯಲ್ಲಿ ನೋ ಕ್ಲೇಮ್ ಬೋನಸ್‌ನ ಒಳಲೆಕ್ಕ

ಭಾರತದಲ್ಲಿ ಕಾರಿನ ಸಮಗ್ರ ವಿಮಾ ಪಾಲಿಸಿಯು ಎರಡು ಬಗೆಯ ಹೊಣೆಗಳನ್ನು ಒಟ್ಟಿಗೆ ಹೊತ್ತಿರುತ್ತದೆ. ಕಾರಿನಿಂದ ಅನ್ಯರ ಜೀವಕ್ಕೂ ಸ್ವತ್ತಿಗೂ ಆಗುವ ನಷ್ಟವನ್ನು ತುಂಬಿಕೊಡುವ ಥರ್ಡ್ ಪಾರ್ಟಿ ಭಾಗವು ಕಾನೂನಿನ ಪ್ರಕಾರ ಕಡ್ಡಾಯವಾಗಿದ್ದು, ಅದರ ಪ್ರೀಮಿಯಂ ದರವನ್ನು ಸರ್ಕಾರ ಗೊತ್ತುಪಡಿಸುತ್ತದೆ. ಮಾಲೀಕನ ಕಾರಿಗೇ ಆಗುವ ಜಖಂ, ಕಳವು, ಬೆಂಕಿ, ನೆರೆಹಾವಳಿ ಮುಂತಾದವುಗಳಿಗೆ ಸಂಬಂಧಿಸಿದ ಓನ್ ಡ್ಯಾಮೇಜ್, ಅಂದರೆ ಸ್ವಂತ ಹಾನಿಯ ಭಾಗವು ಐಚ್ಛಿಕವಾದುದು. ಜನರ ಬಾಯಲ್ಲಿ ಎನ್‌ಸಿಬಿ ಎಂದೇ ಪರಿಚಿತವಾಗಿರುವ ನೋ ಕ್ಲೇಮ್ ಬೋನಸ್ ಈ ಎರಡನೆಯ ಭಾಗದ ಪ್ರೀಮಿಯಂನಲ್ಲಿ ಮಾತ್ರ ದೊರೆಯುವ ರಿಯಾಯಿತಿಯಾಗಿದ್ದು, ಥರ್ಡ್ ಪಾರ್ಟಿ ಪ್ರೀಮಿಯಂ ಅದರ ವ್ಯಾಪ್ತಿಗೆ ಬರುವುದಿಲ್ಲ.

ಈ ರಿಯಾಯಿತಿಯ ಶ್ರೇಣಿಯನ್ನು 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಎಂಬ ದರಸಂಹಿತೆ ವಿಧಿಸಿದೆ. ಒಂದು ವರ್ಷ ಪೂರ್ತಿ ಕ್ಲೇಮು ಮಾಡದೆ, ಅಂದರೆ ಪರಿಹಾರ ಕೇಳದೆ ಪಾಲಿಸಿಯನ್ನು ನವೀಕರಿಸಿದವರಿಗೆ ಶೇ. 20ರಷ್ಟು ರಿಯಾಯಿತಿ ಸಿಗುತ್ತದೆ. ಹೀಗೆಯೇ ಮುಂದುವರಿದರೆ ಅದು ಅನುಕ್ರಮವಾಗಿ ಶೇ. 25, 35, 45 ಆಗಿ, ಐದನೆಯ ವರ್ಷದ ಬಳಿಕ ಶೇ. 50ಕ್ಕೆ ನಿಲ್ಲುತ್ತದೆ. ಸ್ವಂತ ಹಾನಿಯ ದರಗಳು 2007ರ ಜನವರಿಯಿಂದ ಸರ್ಕಾರಿ ನಿಯಂತ್ರಣದಿಂದ ಬಿಡುಗಡೆಗೊಂಡು ಕಂಪನಿಗಳ ಪೈಪೋಟಿಗೆ ತೆರೆದುಕೊಂಡ ಮೇಲೂ ಈ ಶ್ರೇಣಿ ಮಾತ್ರ ಉಳಿದುಕೊಂಡಿತು. ಪಾಲಿಸಿ ಮುಗಿದು ತೊಂಬತ್ತು ದಿನಗಳೊಳಗೆ ನವೀಕರಿಸದಿದ್ದರೆ ಗಳಿಸಿದ ರಿಯಾಯಿತಿ ಕೈತಪ್ಪುತ್ತದೆ. ಕಾರನ್ನು ಮಾರಿದವರು ಕಂಪನಿಯಿಂದ ಪ್ರಮಾಣಪತ್ರ ಪಡೆದರೆ ಮೂರು ವರ್ಷಗಳೊಳಗೆ ಕೊಳ್ಳುವ ಬೇರೆ ಕಾರಿಗೆ ಅದನ್ನು ಬಳಸಿಕೊಳ್ಳಬಹುದು. ಬೇರೆ ಕಂಪನಿಗೆ ಹೋದವರು ಪುರಾವೆ ಒದಗಿಸಲಾರದೆ ಬರೀ ಘೋಷಣೆ ಕೊಟ್ಟರೆ, ಹೊಸ ಕಂಪನಿಯು ಇಪ್ಪತ್ತೊಂದು ದಿನಗಳೊಳಗೆ ಹಳೆಯ ಕಂಪನಿಗೆ ಬರೆದು ದೃಢಪಡಿಸಿಕೊಳ್ಳಬೇಕೆಂಬುದೂ ಇದೇ ಸಂಹಿತೆಯ ನಿಯಮವಾಗಿದೆ.

ರಿಯಾಯಿತಿಯು ಕಾರಿನದಲ್ಲ, ಪಾಲಿಸಿದಾರನದು ಎಂಬ ತತ್ತ್ವ ಈ ನಿಯಮಗಳಿಗೆಲ್ಲ ಆಧಾರವಾಗಿದೆ. ಹಳೆಯ ಕಾರು ಕೊಂಡವನಿಗೆ ಮಾರಿದವನ ಬೋನಸ್ ದಕ್ಕದಿರುವುದು ಇದರಿಂದಲೇ. ಆದರೆ ಪಾಲಿಸಿದಾರನು ತೀರಿಕೊಂಡು ವಾಹನವು ಸಂಗಾತಿಯ, ಮಕ್ಕಳ ಅಥವಾ ತಂದೆತಾಯಿಯ ಬಳಕೆಗೆ ಬಂದಾಗ ಅವನ ಬೋನಸ್ ಅವರಿಗೆ ಸಲ್ಲುತ್ತದೆ. ಚಾಲನೆಯ ಎಚ್ಚರವೂ ಆಸ್ತಿಯಂತೆ ವಾರಸುದಾರರಿಗೆ ಇಳಿದುಬರುವುದೆಂದು ಸಂಹಿತೆ ನಂಬಿದಂತಿದೆ. ಸಂಬಳದ ಚಾಲಕನೋ ಮಗನೋ ನಡೆಸುವ ಕಾರಿನ ಬೋನಸ್ ಕೂಡ ಮಾಲೀಕನ ಲೆಕ್ಕಕ್ಕೇ ಜಮೆಯಾಗುವುದರಿಂದ, ಸ್ಟಿಯರಿಂಗ್ ಹಿಡಿದವರ ನಡವಳಿಕೆಗೂ ಈ ಅಂಕಿಗೂ ಇರುವ ನಂಟು ಸಡಿಲವಾದುದೆಂದು ಹೇಳಬೇಕಾಗುತ್ತದೆ.

ಶ್ರೇಣಿಯ ನಿಜವಾದ ಪರಿಣಾಮ ಕಾಣುವುದು ಅದು ಕುಸಿಯುವಾಗ. ಒಂದೇ ಒಂದು ಕ್ಲೇಮು ನಡೆದರೂ, ಮೊತ್ತ ಎಷ್ಟೇ ಇರಲಿ, ತಪ್ಪು ಯಾರದೇ ಇರಲಿ, ಮುಂದಿನ ನವೀಕರಣದಲ್ಲಿ ರಿಯಾಯಿತಿ ಶೂನ್ಯಕ್ಕಿಳಿಯುತ್ತದೆ. ರಿಯಾಯಿತಿಗೆ ಮೊದಲಿನ ಸ್ವಂತ ಹಾನಿಯ ಪ್ರೀಮಿಯಂ 12,000 ರೂಪಾಯಿ ಎಂದು ಊಹಿಸಿಕೊಂಡರೆ, ಶೇ. 50 ತಲುಪಿದವನು ವರ್ಷಕ್ಕೆ 6,000 ರೂಪಾಯಿ ತೆರುತ್ತಿರುತ್ತಾನೆ. ಆತ ಒಮ್ಮೆ ಕ್ಲೇಮು ಮಾಡಿದರೆ ಮುಂದಿನ ಐದು ವರ್ಷಗಳಲ್ಲಿ ಕ್ರಮವಾಗಿ 12,000, 9,600, 9,000, 7,800 ಮತ್ತು 6,600 ರೂಪಾಯಿ ತೆತ್ತು, ಆರನೆಯ ವರ್ಷ ಹಿಂದಿನ ಮಟ್ಟಕ್ಕೆ ಮರಳುತ್ತಾನೆ. ಈ ಅವಧಿಯಲ್ಲಿ ಆತ ಹೆಚ್ಚುವರಿಯಾಗಿ ಕೊಟ್ಟ ಮೊತ್ತ 15,000 ರೂಪಾಯಿ, ಅಂದರೆ ಮೂಲ ಪ್ರೀಮಿಯಂನ ಒಂದೂಕಾಲು ಪಟ್ಟು. ಕಾರು ಹಳತಾದಂತೆ ಐಡಿವಿ, ಅಂದರೆ ವಿಮೆಗಾಗಿ ಘೋಷಿಸಿದ ವಾಹನದ ಮೌಲ್ಯ ಇಳಿದು ಪ್ರೀಮಿಯಂ ತಗ್ಗುವುದರಿಂದ ವಾಸ್ತವದ ನಷ್ಟ ಇದಕ್ಕಿಂತ ತುಸು ಕಡಿಮೆಯಾದೀತು. ಇದೇ ಲೆಕ್ಕದಲ್ಲಿ, ಇನ್ನೂ ಬೋನಸ್ ಗಳಿಸದ ಮೊದಲ ವರ್ಷದ ಪಾಲಿಸಿದಾರನಿಗೆ ಕ್ಲೇಮಿನಿಂದಾಗುವ ನಷ್ಟ 6,000 ರೂಪಾಯಿ ಮಾತ್ರ. ಹೆಚ್ಚು ಕಾಲ ಕ್ಲೇಮಿಲ್ಲದೆ ಕಳೆದವನಿಗೇ ಹೆಚ್ಚು ದಂಡ ಬೀಳುವುದು ಈ ಶ್ರೇಣಿಯ ವೈಚಿತ್ರ್ಯ.

ಈ ಲೆಕ್ಕದ ಫಲವನ್ನು ಬೆಲ್ಜಿಯಂ ಮೂಲದ ವಿಮಾಗಣಿತಜ್ಞ ಜೀನ್ ಲೆಮೇರ್ ಅವರು ‘ಬೋನಸ್ಸಿನ ಹಸಿವು’ ಎಂಬ ಪರಿಕಲ್ಪನೆಯಡಿ ವಿಶ್ಲೇಷಿಸಿದ್ದಾರೆ. ಮುಂದಿನ ರಿಯಾಯಿತಿಯನ್ನು ಉಳಿಸಿಕೊಳ್ಳಲು ಪಾಲಿಸಿದಾರನು ಸಣ್ಣ ನಷ್ಟಗಳನ್ನು ತಾನೇ ಭರಿಸಿಕೊಳ್ಳುವ ಪ್ರವೃತ್ತಿ ಅದು. ಭಾರತದಲ್ಲಿ ಈ ಹಸಿವಿಗೆ ಬೇರೆ ಎರಡು ನಿಯಮಗಳು ಒತ್ತಾಸೆಯಾಗಿವೆ. ಸವಕಳಿರಹಿತ ಪರಿಹಾರದ ಹೆಚ್ಚುವರಿ ರಕ್ಷಣೆ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50ನ್ನು ಸವಕಳಿಯೆಂದು ಕಳೆಯಲಾಗುತ್ತದೆ. 1500 ಸಿಸಿವರೆಗಿನ ಕಾರಿನ ಪ್ರತಿ ಕ್ಲೇಮಿನಲ್ಲಿ ಮೊದಲ 1,000 ರೂಪಾಯಿಯನ್ನು ಮಾಲೀಕನೇ ಹೊರಬೇಕು. ಹೀಗಾಗಿ 8,000 ರೂಪಾಯಿ ಬೆಲೆಯ ಪ್ಲಾಸ್ಟಿಕ್ ಬಂಪರ್ ಒಡೆದರೆ ಬಿಡಿಭಾಗದ ಬಾಬ್ತಿನಲ್ಲಿ ಕೈಗೆ ಬರುವುದು 3,000 ರೂಪಾಯಿ. ಅದಕ್ಕಾಗಿ ಐದು ವರ್ಷಗಳ ಬೋನಸ್ ಕಳೆದುಕೊಳ್ಳಲು ಲೆಕ್ಕ ಬಲ್ಲವರು ಒಪ್ಪುವುದಿಲ್ಲ. ಅಪಘಾತ ನಡೆದಿರುತ್ತದೆ, ಗ್ಯಾರೇಜಿನವನಿಗೆ ತಿಳಿದಿರುತ್ತದೆ, ಕಂಪನಿಯ ದಾಖಲೆಯಲ್ಲಿ ಮಾತ್ರ ಆ ವರ್ಷ ನಿಷ್ಕಳಂಕವಾಗಿ ಉಳಿಯುತ್ತದೆ.

ಬೋನಸ್ಸಿನ ಉದ್ದೇಶ ಚಾಲಕನ ಎಚ್ಚರವನ್ನು ಗುರುತಿಸುವುದೇ ಆಗಿದ್ದರೆ ಬೇರೆ ದಾರಿಗಳಿಲ್ಲದೆ ಇಲ್ಲ. ಫ್ರಾನ್ಸ್‌ನ ಪದ್ಧತಿಯಲ್ಲಿ ಪ್ರೀಮಿಯಂ ಅನ್ನು ಗುಣಿಸುವ ಒಂದು ಗುಣಾಂಕವಿದ್ದು, ತಪ್ಪಿಲ್ಲದ ಪ್ರತಿ ವರ್ಷಕ್ಕೆ ಅದು ಶೇ. 5ರಷ್ಟು ಇಳಿಯುತ್ತ 0.50ರವರೆಗೆ ಹೋಗುತ್ತದೆ, ಚಾಲಕನದೇ ಪೂರ್ಣ ತಪ್ಪೆಂದು ತೀರ್ಮಾನವಾದ ಅಪಘಾತಕ್ಕೆ ಶೇ. 25ರಷ್ಟು ಏರುತ್ತದೆ, ತಪ್ಪು ಹಂಚಿಕೆಯಾದರೆ ಏರಿಕೆ ಅದರರ್ಧ, ತಪ್ಪೇ ಇಲ್ಲದವನಿಗೆ ಏರಿಕೆಯಿಲ್ಲ. ಅಲ್ಲಿ 0.50ರಲ್ಲಿರುವವನು ತನ್ನದೇ ತಪ್ಪಿನಿಂದ ಅಪಘಾತ ಮಾಡಿದರೆ 0.62ಕ್ಕೆ ಏರುತ್ತಾನೆ, ಆ ಮಟ್ಟದಲ್ಲಿ ಮೂರು ವರ್ಷ ಕಳೆದಿದ್ದರೆ ಮೊದಲ ತಪ್ಪು ಮಾಫಿಯಾಗುತ್ತದೆ. ಇಲ್ಲಿ ನಿಲ್ಲಿಸಿದ ಕಾರಿಗೆ ಮತ್ತೊಬ್ಬರು ಗುದ್ದಿದ್ದಕ್ಕೆ ಪರಿಹಾರ ಕೇಳಿದವನೂ 0.50ರಿಂದ ನೇರವಾಗಿ 1ಕ್ಕೆ ಹೋಗುತ್ತಾನೆ.

ಈ ಕಠೋರತೆಗೆ ಮಾರುಕಟ್ಟೆ ಕಂಡುಕೊಂಡ ಉಪಾಯ ಎನ್‌ಸಿಬಿ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ. ಇದಕ್ಕೆ ಬೇರೆ ಹಣ ತೆತ್ತವರ ಬೋನಸ್, ಪಾಲಿಸಿಯಲ್ಲಿ ಹೇಳಿದಷ್ಟು ಕ್ಲೇಮುಗಳಾದರೂ ಉಳಿಯುತ್ತದೆ. ಪಾಲಿಸಿದಾರನಿಗೆ ಇದು ಅನುಕೂಲವೇ ಸರಿ. ಆದರೆ ಕ್ಲೇಮು ಮಾಡದವರಿಗೆಂದು ಏರ್ಪಟ್ಟ ರಿಯಾಯಿತಿಯನ್ನು ಕ್ಲೇಮು ಮಾಡಿದವರೂ ಹಣ ಕೊಟ್ಟು ಉಳಿಸಿಕೊಳ್ಳಬಹುದಾದಾಗ, ಪಾಲಿಸಿಯ ಮೇಲೆ ನಮೂದಾದ ಶೇ. 50 ಎಂಬ ಅಂಕಿಯಿಂದ ಆ ಕಾರಿನ ಅಪಘಾತದ ಚರಿತ್ರೆಯನ್ನು ತಿಳಿಯಲಾಗದು.